ಹೇಗೂ ಮನೇಲೇ ಇರ್ತೀರಲ್ಲ

ನಮ್ಮ ಕಟ್ಟಡದಲ್ಲಿ ಹನ್ನೆರಡು ಮನೆಗಳು. ಹನ್ನೊಂದು ಮನೆಗಳ ಪಾರ್ಸಲ್ಲು ಬಂದು ಇಳಿಯುವುದು ನಮ್ಮ ಹಜಾರದಲ್ಲಿ. ಈ ಹೊತ್ತು ಅಲ್ಲಿ ಮೂರನೇ ಮಹಡಿಯವರ ಮಿಕ್ಸಿ ಇದೆ, ಎದುರುಮನೆಯವರ ಇಪ್ಪತ್ತೈದು ಕಿಲೋ ಸೋನಾ ಮಸೂರಿ ಇದೆ, ಕೆಳಗಿನ ಮನೆ ಹುಡುಗನ ಕ್ರಿಕೆಟ್ ಪ್ಯಾಡುಗಳಿವೆ. ಗೋಡೆಗೆ ಒರಗಿಕೊಂಡು ಒಂದು ಯೋಗದ ಚಾಪೆ ನಿಂತಿದೆ. ಅದು ಬಂದು ಒಂಬತ್ತು ದಿನವಾಯಿತು. ಅದರ ಯಜಮಾನರು ದಿನಾ ಬೆಳಿಗ್ಗೆ ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಾರೆ, ಕೊಂಚ ವೇಗವಾಗಿ.

ಪಾರ್ಸಲ್ ಹುಡುಗರು ಈಗ ಬೇರೆ ಮನೆಗಳ ಬೆಲ್ಲನ್ನು ಒತ್ತುವ ಶಿಷ್ಟಾಚಾರವನ್ನೂ ಬಿಟ್ಟಿದ್ದಾರೆ. ನೇರ ನಮ್ಮಲ್ಲಿಗೇ ಬಂದು, ‘ಸಾರ್, ಮೂರು’ ಅನ್ನುತ್ತಾರೆ. ನಾಲ್ಕು ಮನೆಗಳ ಕೀಲಿಕೈ ನಮ್ಮ ಮೊಳೆಗೆ ನೇತುಬಿದ್ದಿದೆ. ಗ್ಯಾಸಿನವನಿಗೆ ಕೊಡಬೇಕಾದ ದುಡ್ಡು, ಹಾಲಿನವನಿಗೆ ಹೇಳಬೇಕಾದ ಮಾತು, ಮೀಟರ್ ನೋಡಲು ಬರುವ ಕೆಇಬಿಯವನಿಗೆ ತೆಗೆಯಬೇಕಾದ ಗೇಟು, ಎಲ್ಲವೂ ನನ್ನ ಪಾಲಿಗೆ ಬಂದಿವೆ. ಕಾರಣ ಒಂದೇ ವಾಕ್ಯ: ‘ಹೇಗೂ ಮನೇಲೇ ಇರ್ತೀರಲ್ಲ.’

ನಾನು ಅನುವಾದಕ. ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡ ಮಾಡಿ ಕಳಿಸುವುದು ಕಸುಬು. ಹಾಗಾಗಿ ವಾಕ್ಯ ಕಂಡರೆ ಬಿಚ್ಚಿ ನೋಡುವ ಚಟ. ಈ ವಾಕ್ಯವನ್ನು ಎಷ್ಟೋ ಸಲ ಬಿಚ್ಚಿದ್ದೇನೆ. ‘ಹೇಗೂ’ ಅಂದರೆ ಕೆಲಸ ಇರಲಿ, ಬಿಡಲಿ, ನಿಮ್ಮ ಮಟ್ಟಿಗೆ ಎರಡೂ ಒಂದೇ ಅಂತ. ‘ಮನೇಲೇ’ ಎಂಬಲ್ಲಿರುವ ಏಕಾರ ನಮ್ಮ ಮೇಷ್ಟ್ರು ಹೇಳಿಕೊಟ್ಟ ಅವಧಾರಣೆ: ಇನ್ನೆಲ್ಲೂ ಅಲ್ಲ, ಇನ್ನೆಲ್ಲಿಗೂ ಯಾರೂ ನಿಮ್ಮನ್ನು ಕರೆದಿಲ್ಲ. ‘ಇರ್ತೀರ’ ಎಂಬಲ್ಲಿ ‘ಮಾಡ್ತೀರ’ ಎಂಬುದರ ಸುಳಿವೂ ಇಲ್ಲ; ಮೂಲೆಯಲ್ಲಿ ಒರಳುಕಲ್ಲು ಇರುವ ಹಾಗೆ ಇರುವುದು, ಅಷ್ಟೆ. ಇನ್ನು ಕೊನೆಯ ಆ ‘ಅಲ್ಲ’. ಹೆಸರಿಗೆ ನಿಷೇಧ, ಆದರೆ ಕೇಳಿದವನ ಬಾಯಲ್ಲಿ ‘ಹೌದು’ ಅನ್ನಿಸದೆ ಬಿಡದು. ಮೂರೇ ಪದದಲ್ಲಿ ಒಬ್ಬನ ವೃತ್ತಿಯನ್ನು ಇಷ್ಟು ಚೊಕ್ಕಟವಾಗಿ ಒರೆಸಿಹಾಕುವ ವಾಕ್ಯವನ್ನು ಇಂಗ್ಲಿಷಿಗೆ ತರಲು ಯಾರಾದರೂ ಕೊಟ್ಟರೆ ಪುಕ್ಕಟೆ ಮಾಡಿಕೊಡುತ್ತೇನೆ. ಯಾರೂ ಕೊಟ್ಟಿಲ್ಲ.

ಕೆಲಸ ಇದ್ದಾಗ ಈ ಮಾತು ಚುಚ್ಚುವುದಿಲ್ಲ. ಇಲ್ಲದಾಗ ಚುಚ್ಚುತ್ತದೆ, ಏಕೆಂದರೆ ಆಗ ಅದು ನಿಜವಾಗಿರುತ್ತದೆ.

ಮೈಸೂರಿನಲ್ಲಿ ಆಷಾಢವೆಂದರೆ ಬೆಟ್ಟಕ್ಕೆ ಹೋಗುವ ತಿಂಗಳು. ಶುಕ್ರವಾರಗಳಂದು ಊರಿಗೆ ಊರೇ ಚಾಮುಂಡಿಯ ದರ್ಶನಕ್ಕೆ ನಡುರಾತ್ರಿಯಿಂದ ಸಾಲು ನಿಲ್ಲುತ್ತದೆ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಅಂಗಡಿಯಿಲ್ಲ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಹೊಸ ಸೊಸೆ ತವರಿಗೆ ಹೋಗುತ್ತಾಳೆ. ನನ್ನ ಕೆಲಸವೂ ಅವಳ ಹಿಂದೆಯೇ ಪೆಟ್ಟಿಗೆ ಹಿಡಿದು ಹೊರಡುತ್ತದೆ. ಸೊಸೆಯಾದರೆ ಶ್ರಾವಣಕ್ಕೆ ಬರುವುದು ಖಾತ್ರಿ. ಕೆಲಸದ ವಿಷಯ ಹಾಗೆ ಹೇಳುವಂತಿಲ್ಲ. ಒಂದೆರಡು ವರ್ಷ ಅದು ತವರಿನಲ್ಲೇ ಗಣೇಶನ ಹಬ್ಬ ಮುಗಿಸಿಕೊಂಡು ಬಂದದ್ದುಂಟು.

ಮುಂಬಯಿ ದಿಲ್ಲಿಯ ಏಜೆನ್ಸಿಗಳಿಗೆ ಆಷಾಢ ಗೊತ್ತಿಲ್ಲ, ಆದರೂ ಅವರ ಕೆಲಸ ಅದೇ ತಿಂಗಳಲ್ಲಿ ಯಾಕೆ ಬತ್ತುತ್ತದೋ ನನಗೆ ತಿಳಿಯದು. ಮಾರ್ಚಿನಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ವಿಮೆಯ ಕರಪತ್ರ, ಬಟ್ಟೆ ಒಗೆಯುವ ಯಂತ್ರದ ಕೈಪಿಡಿ, ಹೊಸ ಔಷಧಿಯ ಪರೀಕ್ಷೆಗೆ ಒಪ್ಪಿ ಸಹಿ ಹಾಕುವವರು ಓದಬೇಕಾದ ಹದಿನೆಂಟು ಪುಟದ ಒಪ್ಪಿಗೆ ಪತ್ರ. ಇಂಥ ಪತ್ರಗಳಲ್ಲಿ ನಾನು ಮಾಡಿದ ಕನ್ನಡವನ್ನು ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡುತ್ತಾರೆ. ಒಮ್ಮೆ ‘ಕುಡಿಯುವ ಮುನ್ನ ಚೆನ್ನಾಗಿ ಅಲುಗಾಡಿಸಿ’ ಎಂದು ಬರೆಯುವಲ್ಲಿ ‘ಸಿ’ ಬಿಟ್ಟುಹೋಗಿ, ರೋಗಿಯೇ ಚೆನ್ನಾಗಿ ಅಲುಗಾಡಬೇಕೆಂದು ಆಗಿತ್ತು. ಆ ಒಂದು ‘ಸಿ’ಗಾಗಿ ಬಂದ ಮೇಲುಗಳು ಏಳು.

ನಮ್ಮ ಕೂಲಿ ಪದದ ಲೆಕ್ಕ. ಇಂಗ್ಲಿಷ್ ಪದ ಎಣಿಸುವ ಪುಣ್ಯಾತ್ಮರು ಹಲವರಿದ್ದಾರೆ. ಕನ್ನಡದ ಪದ ಎಣಿಸುವವರ ಕೈಗೆ ಸಿಕ್ಕಿದರೆ ಮಾತ್ರ ನಮ್ಮ ಭಾಷೆಯ ಸೌಂದರ್ಯವೇ ನಮ್ಮ ಹೊಟ್ಟೆಗೆ ಕುತ್ತು. ‘ಬಂದುಬಿಡಬಹುದಾಗಿತ್ತಲ್ಲವೇ’ ಎಂಬಷ್ಟು ಮಾತು, ಅದರೊಳಗಿನ ಆಸೆ ನಿರಾಸೆ ಆಕ್ಷೇಪಣೆ ಸಮೇತ, ಕನ್ನಡದಲ್ಲಿ ಒಂದೇ ಪದ. ಒಂದೂವರೆ ರೂಪಾಯಿ. ಬಡತನದ ದಿನಗಳಲ್ಲಿ ಸಂಧಿ ಬಿಡಿಸಿ ಬರೆಯುವ ಯೋಚನೆ ಬರುತ್ತದೆ. ‘ಬಂದು ಬಿಡ ಬಹುದು ಆಗಿ ಇತ್ತು ಅಲ್ಲವೇ’: ಒಂಬತ್ತು ರೂಪಾಯಿ ಆಯಿತು! ಸರ್ಕಾರಿ ಕನ್ನಡ ಹಾಗೆ ಉದ್ದುದ್ದ ಯಾಕಿರುತ್ತದೆ ಎಂದು ಆಡಿಕೊಳ್ಳುತ್ತಿದ್ದವನು ನಾನು. ಈಗ ಅದನ್ನು ಬರೆದ ಗುಮಾಸ್ತರ ಬಗ್ಗೆ ಸ್ವಲ್ಪ ಮೃದುವಾಗಿದ್ದೇನೆ.

2011ರಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ ಕನ್ನಡ ಬಂದಾಗ ನಾವು ಅನುವಾದಕರೆಲ್ಲ ಸೇರಿ ನಕ್ಕಿದ್ದೆವು. ಅದರ ವಾಕ್ಯಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು ಹೊಟ್ಟೆ ಹಿಡಿದುಕೊಂಡೆವು. 2017ರಲ್ಲಿ ಅದಕ್ಕೆ ಹೊಸ ಮಿದುಳು ಕೂಡಿಸಿದರು, ನಗು ಕಡಿಮೆಯಾಯಿತು. ಈಗ ಏಜೆನ್ಸಿಯವರು ಯಂತ್ರದ ಅನುವಾದ ಕಳಿಸಿ ‘ಸ್ವಲ್ಪ ಕಣ್ಣಾಡಿಸಿ ಸಾಕು’ ಅನ್ನುತ್ತಾರೆ. ಕಣ್ಣಾಡಿಸುವುದಕ್ಕೆ ಪದಕ್ಕೆ ನಲವತ್ತು ಪೈಸೆ. ಆಡಿಸುತ್ತೇನೆ. ಕೆಲವು ತಪ್ಪುಗಳನ್ನು ನೋಡುವಾಗ ಇವು ಎಲ್ಲೋ ಕಂಡವೇ, ಒಂದು ಕಾಲಕ್ಕೆ ನನ್ನವೇ ಇರಬೇಕು ಎಂಬ ಅನುಮಾನ ಬರುತ್ತದೆ. ಮೊದಲು ಆಷಾಢ ವರ್ಷಕ್ಕೊಂದು ಬರುತ್ತಿತ್ತು. ಈಗ ಮಳೆಯ ಹಾಗೆ ಅದಕ್ಕೂ ಕಾಲವೆಂಬುದಿಲ್ಲ.

ಹೆಂಡತಿ ಬ್ಯಾಂಕಿನಿಂದ ಸಂಜೆ ಬಂದು ಚಪ್ಪಲಿ ಬಿಡುತ್ತಾ, ‘ಏನಾದ್ರೂ ಬಂತೇನ್ರೀ?’ ಅನ್ನುತ್ತಾಳೆ. ಜ್ವರದ ರೋಗಿಗೆ ‘ಬೆವರಿತಾ?’ ಎಂದು ಕೇಳುವ ದನಿ. ‘ಮೂರು ಪಾರ್ಸಲ್ ಬಂತು’ ಅನ್ನುತ್ತೇನೆ.

ಅಮ್ಮನಿಗೆ ನನ್ನ ಉದ್ಯೋಗದ ಸ್ಥಿತಿ ತಿಳಿಯಲು ಪ್ರಶ್ನೆ ಬೇಕಿಲ್ಲ. ಪ್ಯಾಂಟು ಹಾಕಿದ್ದರೆ ಕೆಲಸ ಬಂದಿದೆ, ಪಂಚೆಯಲ್ಲಿದ್ದರೆ ಇಲ್ಲ. ಈ ಗುಟ್ಟು ಗೊತ್ತಾದ ಮೇಲೆ ಕೆಲಸವಿಲ್ಲದ ದಿನವೂ ಪ್ಯಾಂಟು ಹಾಕಿ ಕೂತು ನೋಡಿದೆ. ಹನ್ನೊಂದು ಗಂಟೆಗೆ ಕಾಫಿ ತಂದ ಅಮ್ಮ, ‘ಎಲ್ಲಿಗಾದ್ರೂ ಹೊರಟಿದ್ದೀಯಾ?’ ಅಂದಳು.

ಕೆಲಸವಿಲ್ಲದಾಗ ಕೆಲಸ ಮಾಡುವುದು ಹೇಗೆಂದು ಹೇಳಿಕೊಡುವವರು ಈಗ ಬೇಕಾದಷ್ಟು ಜನ. ಅವರಲ್ಲಿ ಬಹಳ ಮಂದಿಗೆ ಅದೇ ಕೆಲಸ. ಹೊಸ ವಿದ್ಯೆ ಕಲಿಯಿರಿ, ಹಳೆಯ ಗ್ರಾಹಕರಿಗೆ ನೆನಪು ಮಾಡಿ, ಬೆಳಿಗ್ಗೆ ಐದಕ್ಕೆ ಎದ್ದು ಹಾಸಿಗೆ ಮಡಚಿ. ಐದಕ್ಕೆ ಎದ್ದು ಹಾಸಿಗೆ ಮಡಚಿದೆ. ಐದೂಕಾಲಿಗೆ ಮಾಡಲು ಏನೂ ಉಳಿಯಲಿಲ್ಲ. ಹಳೆಯ ಗ್ರಾಹಕರೊಬ್ಬರಿಗೆ ಫೋನು ಮಾಡಿ ನೆನಪು ಮಾಡಿದೆ. ಅವರಿಗೆ ನೆನಪಾದದ್ದು ಮಗಳ ಏಳನೇ ತರಗತಿಯ ಕನ್ನಡ ಪ್ರಬಂಧ. ‘ಪರಿಸರ ಸಂರಕ್ಷಣೆ, ಒಂದೇ ಪುಟ, ಸಾರ್. ಹೇಗೂ...’

ಟೊಮೇಟೊ ಪದ್ಧತಿ ಎಂಬುದೂ ಒಂದಿದೆ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬಾತ 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಟೊಮೇಟೊ ಆಕಾರದ ಅಡುಗೆಮನೆಯ ಗಡಿಯಾರ ಇಟ್ಟುಕೊಂಡು ಕಂಡುಕೊಂಡ ಉಪಾಯ. 25 ನಿಮಿಷ ತಲೆಯೆತ್ತದೆ ಕೆಲಸ, ಐದು ನಿಮಿಷ ವಿರಾಮ. ನಮ್ಮ ಮನೆಯಲ್ಲಿ ಆ ಗಡಿಯಾರವಿಲ್ಲ, ಕುಕ್ಕರ್ ಇದೆ. ಬೇಳೆಗೆ ಮೂರು ವಿಷಲ್ ಎಂಬ ಜವಾಬ್ದಾರಿ ಹೇಗೂ ನನ್ನದೇ. ಮೂರು ವಿಷಲ್ ಆಗುವವರೆಗೆ ಪದಕೋಶ ತಿದ್ದುವುದೆಂದು ಕೂತೆ. ಪದಗಳಲ್ಲಿ ಎಷ್ಟು ಮುಳುಗಿದೆನೆಂದರೆ ವಿಷಲುಗಳು ಐದೋ ಆರೋ ಆಗಿ, ಬೇಳೆ ತಿಳಿಯಾಗಿ, ಅಂದು ಹುಳಿಯ ಬದಲು ಸಾರೇ ಗತಿಯಾಯಿತು. ಅಮ್ಮನಿಗೆ ಟೊಮೇಟೊ ಪದ್ಧತಿ ವಿವರಿಸಿದೆ. ‘ಟೊಮೇಟೊ ಹಾಕಿದ್ದೀನಿ, ಊಟಕ್ಕೆ ಏಳು’ ಅಂದಳು.

ನಿಜವಾಗಿ ಮಾಡಬೇಕಾದ ಕೆಲಸವೂ ಇರುತ್ತದೆ, ಸುಳ್ಳೇಕೆ. ಆಷಾಢದ ಆಸುಪಾಸಿನಲ್ಲೇ ನಮ್ಮಂಥವರು ಆದಾಯ ತೆರಿಗೆಯ ರಿಟರ್ನ್ ಹಾಕುವ ಕಾಲವೂ ಬರುತ್ತದೆ. ನಮ್ಮ ಬಿಲ್ಲುಗಳಲ್ಲಿ ಏಜೆನ್ಸಿಯವರು ನೂರಕ್ಕೆ ಹತ್ತು ಹಿಡಿದುಕೊಂಡು ನಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಿರುತ್ತಾರೆ. ವರಮಾನ ಕಡಿಮೆಯಾದಷ್ಟೂ ಅದರಲ್ಲಿ ವಾಪಸು ಬರುವುದು ಹೆಚ್ಚು. ಬಡವನಾದದ್ದಕ್ಕೆ ಸಿಗುವ ಬಹುಮಾನದ ಹಾಗೆ ಅದು ಬ್ಯಾಂಕಿಗೆ ಬಂದು ಬೀಳುವ ದಿನ ನಾನು ಪ್ಯಾಂಟು ಹಾಕುತ್ತೇನೆ.

ಬರಬೇಕಾದ ಬಾಕಿಗಳ ಪಟ್ಟಿ ತೆಗೆದು ಮೇಲು ಬರೆಯುವುದು ಇನ್ನೊಂದು. ಸಣ್ಣ ಉದ್ದಿಮೆದಾರರು ಕೊಟ್ಟ ಸರಕಿಗೂ ಸೇವೆಗೂ ಒಪ್ಪಂದ ಏನೇ ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕೆಂದು 2006ರ ಕಾಯ್ದೆಯೊಂದು ಹೇಳುತ್ತದೆ. ಇದು ನನಗೆ ಗೊತ್ತಾದದ್ದು ಆ ಕಾಯ್ದೆಯ ಬಗೆಗಿನ ತಿಳಿವಳಿಕೆ ಕೈಹೊತ್ತಿಗೆಯನ್ನು ನಾನೇ ಕನ್ನಡಕ್ಕೆ ಮಾಡಿದ್ದರಿಂದ. ಚೆನ್ನಾಗಿ ಮಾಡಿದ್ದೆ. ಅದರ ದುಡ್ಡು ಬಂದದ್ದು ಏಳನೇ ತಿಂಗಳು.

ಈ ಎರಡೂ ಮುಗಿಯಲು ನಾಲ್ಕು ದಿನ ಸಾಕು. ಆಮೇಲೆ ನಾನು ಕಿಟೆಲ್ ನಿಘಂಟಿನ ಧೂಳು ಒರೆಸುತ್ತೇನೆ. ಇದು ಅಪಾಯದ ಕೆಲಸ. ಒರೆಸುವ ನೆಪದಲ್ಲಿ ತೆರೆದರೆ ಮಧ್ಯಾಹ್ನ ಮುಳುಗಿತು. ಒಂದು ಪದಕ್ಕೆಂದು ಹೋದವನು ಅದರ ಪಕ್ಕದ ಮನೆಗೆ, ಅಲ್ಲಿಂದ ಹಿತ್ತಲಿಗೆ, ಅಲ್ಲಿಂದ ಇನ್ನಾವುದೋ ಹಕ್ಕಿಯ ಹೆಸರಿಗೆ, ಬಳ್ಳಿಯ ಹೆಸರಿಗೆ. ಫರ್ಡಿನಾಂಡ್ ಕಿಟೆಲ್ ಜರ್ಮನಿಯಿಂದ ಬಂದದ್ದು 1853ರಲ್ಲಿ, ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಸುಮಾರು ಎಪ್ಪತ್ತು ಸಾವಿರ ಪದ. ನನ್ನ ದರದಲ್ಲಿ ಎಷ್ಟಾಯಿತೆಂದು ಒಮ್ಮೆ ಲೆಕ್ಕ ಹಾಕಿದೆ: ಒಂದು ಲಕ್ಷದ ಐದು ಸಾವಿರ. ನಾಚಿಕೆಯಾಗಿ ಆ ಚೀಟಿ ಹರಿದುಹಾಕಿದೆ.

ಆದರೆ ನಮ್ಮಪ್ಪ ಆ ಪುಸ್ತಕವನ್ನು ನೋಡಿದ್ದರೆ ಪದ ಎಣಿಸುತ್ತಿರಲಿಲ್ಲ. ‘ಇಷ್ಟು ದಪ್ಪದ್ದಾ? ಎಷ್ಟು ಮೊಳೆ ಬಿಡಿಸಿರಬೇಕೋ ಪಾಪ’ ಅನ್ನುತ್ತಿದ್ದರು.

ಅಪ್ಪ ಕಂಪೋಸಿಟರ್. ಅಗ್ರಹಾರದ ಕಡೆ ಇದ್ದ ಒಂದು ಸಣ್ಣ ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷ ಅಚ್ಚುಮೊಳೆ ಜೋಡಿಸಿದವರು. ಟ್ರೆಡಲ್ ಯಂತ್ರ ಒಂದು, ಕಂಪೋಸಿಟರುಗಳು ಮೂವರು, ಸಾಹುಕಾರರು ಒಬ್ಬರು, ಯಾವಾಗಲೂ ಒದ್ದೆಯಿರುವ ಒಂದು ಪ್ರೂಫು. ಕನ್ನಡಕ್ಕೆ ಇಂಗ್ಲಿಷಿನ ಹಾಗೆ ಇಪ್ಪತ್ತಾರು ಅಕ್ಷರದಲ್ಲಿ ಮುಗಿಯುವ ಭಾಗ್ಯವಿಲ್ಲ. ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲಕ್ಕೂ ಬೇರೆಬೇರೆ ಮೊಳೆ ಬೇಕು, ಪ್ರತಿಯೊಂದಕ್ಕೂ ಮರದ ಕೇಸಿನಲ್ಲಿ ಒಂದು ಖಾನೆ ಬೇಕು. ಖಾನೆಗೆ ಅಪ್ಪ ಹೇಳುತ್ತಿದ್ದದ್ದು ‘ಮನೆ’. ಕತ್ತಲಲ್ಲೂ ಅವರ ಬೆರಳಿಗೆ ಯಾವ ಅಕ್ಷರದ ಮನೆ ಎಲ್ಲಿ ಎಂದು ಗೊತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಕನ್ನಡಕ ಎಲ್ಲಿಟ್ಟೆನೆಂದು ದಿನಾ ಹುಡುಕುತ್ತಿದ್ದರು.

ಚೈತ್ರ ವೈಶಾಖದಲ್ಲಿ ಲಗ್ನಪತ್ರಿಕೆಗಳ ಸುಗ್ಗಿ. ಅಚ್ಚಾದ ಫಾರಮ್ಮುಗಳನ್ನು ಬಿಡಿಸಲೂ ಪುರಸೊತ್ತಿಲ್ಲದೆ ದಾರ ಸುತ್ತಿ ಮೂಲೆಯಲ್ಲಿಡುತ್ತಿದ್ದರು. ಹಾಗಾಗಿ ಮೇ ಕೊನೆಗೆ ಮೊಳೆಗಳ ಬರ. ಮೊದಲು ಖಾಲಿಯಾಗುತ್ತಿದ್ದದ್ದು ‘ಶ್ರೀ’. ಹುಡುಗನ ಕಡೆ ನಾಲ್ಕು ಶ್ರೀ, ಹುಡುಗಿಯ ಕಡೆ ನಾಲ್ಕು, ಛತ್ರಕ್ಕೊಂದು, ಮೇಲೆ ಕುಲದೇವರಿಗೊಂದು. ಶ್ರೀ ಸಾಲದೆ ಬಂದಾಗ ಸಾಹುಕಾರರು ಗಿರಾಕಿಗಳಿಗೆ, ‘ಸೋದರಮಾವಂದಿರನ್ನೆಲ್ಲ ಬೇರೆ ಬೇರೆ ಯಾಕೆ ಹಾಕ್ತೀರಿ, ಬಂಧುಮಿತ್ರರು ಅಂತ ಒಟ್ಟಿಗೆ ಹಾಕಿಬಿಡಿ, ಅಂದವಾಗಿ ಬರುತ್ತೆ’ ಎಂದು ಸಲಹೆ ಕೊಡುತ್ತಿದ್ದರಂತೆ. ಎಷ್ಟು ಸೋದರಮಾವಂದಿರು ಮುನಿಸಿಕೊಂಡರೋ.

ಆಷಾಢ ಬಂತೆಂದರೆ ಟ್ರೆಡಲ್ ನಿಂತುಬಿಡುತ್ತಿತ್ತು. ಸಂಬಳ ಅರ್ಧ. ಆದರೆ ಅಪ್ಪ ಒಂದು ದಿನವೂ ತಡವಾಗಿ ಹೋದವರಲ್ಲ, ಏಕೆಂದರೆ ಆಷಾಢದ ಕೆಲಸ ಬೇರೆ ಇತ್ತು: ಮೊಳೆ ಬಿಡಿಸೋದು. ಮೂಲೆಯಲ್ಲಿದ್ದ ಫಾರಮ್ಮುಗಳ ದಾರ ಬಿಚ್ಚಿ, ನಾಲ್ಕೈದು ಸಾಲು ಎಡಗೈಯಲ್ಲಿ ಹಿಡಿದು, ಒಂದು ಪದ ಓದಿಕೊಂಡು, ಬಲಗೈಯಿಂದ ಒಂದೊಂದೇ ಅಕ್ಷರವನ್ನು ಅದರದರ ಮನೆಗೆ ಹಾಕುವುದು. ಟಕ್, ಟಕ್, ಟಕ್. ಹೊರಗೆ ಜಿಟಿಜಿಟಿ ಮಳೆ, ಒಳಗೆ ಅದೇ ಸದ್ದು. ವೈಶಾಖದಲ್ಲಿ ಒಂದೇ ಸಾಲಿನಲ್ಲಿ ಕೂಡಿಸಿದ ವಧೂವರರನ್ನು ಆಷಾಢದಲ್ಲಿ ಅಕ್ಷರ ಅಕ್ಷರವಾಗಿ ಬೇರೆ ಮಾಡುವುದು. ಶಾಸ್ತ್ರಕ್ಕೂ ಸರಿಯಾಗಿತ್ತು. ‘ಕೂಡ್ಸೋನೂ ನಾನೇ, ಬಿಡ್ಸೋನೂ ನಾನೇ’ ಎಂದು ಅಪ್ಪ ಊಟಕ್ಕೆ ಕೂತಾಗ ಹೇಳುವರು. ಆಷಾಢದ ಕೊನೆಗೆ ಶ್ರೀಗಳೆಲ್ಲ ತಮ್ಮ ಮನೆಗೆ ಬಂದು ತುಂಬಿಕೊಂಡಿರುತ್ತಿದ್ದವು. ನಮ್ಮ ಮನೆಗೆ ಶ್ರೀ ಬರುವುದಕ್ಕೆ ಮಾತ್ರ ಶ್ರಾವಣದ ಹತ್ತನೇ ತಾರೀಖು ಆಗಬೇಕು.

ಕೈತಪ್ಪಿ ಬಿದ್ದು ಕಲಸಿಹೋದ ಮೊಳೆಗಳನ್ನು ಕೆಲವು ಸಲ ಡಬ್ಬದಲ್ಲಿ ತುಂಬಿ ಮನೆಗೇ ತರುತ್ತಿದ್ದರು. ಪೇಪರ್ ಹಾಸಿ ಸುರಿದು, ಅಮ್ಮ, ಅಕ್ಕ, ನಾನು ಸುತ್ತ ಕೂರುತ್ತಿದ್ದೆವು. ನಾನು ಅಕ್ಷರ ಕಲಿತದ್ದು ಹಾಗೆ, ಸೀಸದ ಮೇಲೆ, ಎಡ ಬಲ ಅದಲುಬದಲಾಗಿ. ಒಂದನೇ ತರಗತಿಯ ಮೇಡಂ ನನ್ನ ಸ್ಲೇಟನ್ನು ಕನ್ನಡಿಗೆ ಹಿಡಿದರೆ ಸರಿಯಾಗಿದೆಯೆಂದು ತಿಳಿಯದೆ ಕೈಮೇಲೆ ಎರಡು ಕೊಟ್ಟರು. ಕೆಲಸ ಮುಗಿದ ಮೇಲೆ ಅಮ್ಮ ಹುಣಸೆಹಣ್ಣು ಹಾಕಿ ನಮ್ಮ ಕೈ ಉಜ್ಜುತ್ತಿದ್ದಳು, ಹಿತ್ತಾಳೆ ಚೊಂಬು ಬೆಳಗುವ ಹಾಗೆ. ಸೀಸ ಹೊಟ್ಟೆಗೆ ಹೋಗಬಾರದೆಂದು. ಕೈ ತೊಳೆಯದೆ ಯಾರೂ ಒಂದು ಕಡಲೇಬೀಜವನ್ನೂ ಮುಟ್ಟುವಂತಿರಲಿಲ್ಲ.

ಆ ಪ್ರೆಸ್ಸನ್ನು ಮುಚ್ಚಿಸಿದವರಲ್ಲಿ ನಾನೂ ಒಬ್ಬ ಎಂದು ಹೇಳಿದರೆ ದೊಡ್ಡ ಮಾತಾಗುತ್ತದೆ. ಆದರೂ ಡಿಗ್ರಿ ಮುಗಿಸಿ 1995ರಲ್ಲಿ ನಾನು ಸೇರಿದ್ದು ಒಂದು ಡಿಟಿಪಿ ಸೆಂಟರಿಗೆ. ಪೇಜ್‌ಮೇಕರಿನಲ್ಲಿ ಒಂದು ಲಗ್ನಪತ್ರಿಕೆಗೆ ನನಗೆ ಹಿಡಿಯುತ್ತಿದ್ದದ್ದು ಇಪ್ಪತ್ತು ನಿಮಿಷ. ಶ್ರೀ ಎಷ್ಟು ಬೇಕಾದರೂ ಇತ್ತು. ಮುಂದಿನ ವರ್ಷ ಒಂದು ಮಧ್ಯಾಹ್ನ ಅಪ್ಪ ಬಂದರು. ತಿಂಡಿ ಡಬ್ಬಿ ಮರೆತು ಹೋಗಿದ್ದೆ, ಕೊಡಲು ಬಂದದ್ದು. ನನ್ನ ಹಿಂದೆ ನಿಂತು ಬಹಳ ಹೊತ್ತು ಪರದೆಯನ್ನೇ ನೋಡಿದರು. ಅಕ್ಷರಗಳು ನೇರವಾಗಿರುವುದೇ ಅವರಿಗೆ ವಿಚಿತ್ರವಾಗಿ ಕಂಡಿರಬೇಕು. ಆಮೇಲೆ ಕೇಳಿದರು: ‘ಕೆಲಸ ಮುಗಿದ್ಮೇಲೆ ಈ ಅಕ್ಷರ ಎಲ್ಲ ಎಲ್ಲಿಗೆ ಹೋಗುತ್ತೆ?’

‘ಎಲ್ಲಿಗೂ ಹೋಗಲ್ಲಪ್ಪ, ಅದರೊಳಗೇ ಇರುತ್ತೆ.’

‘ಮತ್ತೆ ಬಿಡಿಸೋದು?’

‘ಬಿಡಿಸೋದೇ ಬೇಡ.’

ಅಪ್ಪ ಸ್ವಲ್ಪ ಯೋಚನೆ ಮಾಡಿದರು. ‘ಹಾಗಾದ್ರೆ ಕೆಲಸ ಇಲ್ದಾಗ ನೀವೆಲ್ಲ ಏನ್ ಮಾಡ್ತೀರಿ?’

ಸೆಂಟರಿನ ಹುಡುಗರು ನಕ್ಕರು. ನಾನೂ ನಕ್ಕೆ. ‘ಇದನ್ನ ಆಡ್ತೀವಿ’ ಎಂದು ಸಾಲಿಟೇರ್ ತೆಗೆದು ತೋರಿಸಿದೆ. ಕಲಸಿದ ಇಸ್ಪೀಟೆಲೆಗಳಲ್ಲಿ ಎಕ್ಕ, ಎರಡು, ಮೂರು ಎಂದು ಒಂದೊಂದನ್ನೇ ಮೇಲಕ್ಕೆ ಎಳೆದು ಅದರದರ ಗುಂಪಿಗೆ ಸೇರಿಸುವುದನ್ನು ಅಪ್ಪ ಸ್ಟೂಲು ಎಳೆದುಕೊಂಡು ಕೂತು ನೋಡಿದರು. ಆಟ ಮುಗಿದಾಗ, ‘ಇದೂ ಬಿಡಿಸೋದೇ ಅಲ್ವೇನೋ’ ಅಂದರು. ಸಮಾಧಾನವಾದ ಹಾಗೆ ಕಂಡಿತು. ಡಬ್ಬಿ ಕೊಟ್ಟು ಹೋದರು.

ಪ್ರೆಸ್ಸು ಮುಚ್ಚಿದ್ದು ಅದಾದ ಎರಡು ವರ್ಷಕ್ಕೆ. ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿದರು. ಅಪ್ಪ ಒಂದು ಡಾಲ್ಡಾ ಡಬ್ಬದ ತುಂಬ ಕಲಸಿದ ಮೊಳೆಗಳನ್ನು ಮನೆಗೆ ತಂದು ಅಟ್ಟಕ್ಕೆ ಹಾಕಿದರು. ‘ಆಷಾಢದಲ್ಲಿ ನೋಡೋಣ’ ಅಂದಿದ್ದರು. ನೋಡಲಿಲ್ಲ.

ನಾನು ಅಪ್ಪನಿಗೆ ಹೇಳಿದ್ದು ಸುಳ್ಳು ಎಂದು ಗೊತ್ತಾಗಲು ಬಹಳ ವರ್ಷ ಹಿಡಿಯಿತು. ಎರಡು ವರ್ಷದ ಹಿಂದೆ, ಇಂಥದೇ ಒಂದು ಬಿಡುವಿನಲ್ಲಿ, ಹಳೆಯ ಕಡತಗಳನ್ನು ತೆರೆದೆ. ಅವೆಲ್ಲ ಯೂನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಟೈಪು ಮಾಡಿದವು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟುಗಳಿರಲಿಲ್ಲ. ಕನ್ನಡವೆಲ್ಲ ಕರಗಿ, ತಲೆಯ ಮೇಲೆ ಕೊಂಬು ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿತ್ತು. ‘ನುಡಿ’ಯಲ್ಲಿ ಮಾಡಿದ್ದ ಕಡತಗಳ ‘ನ’ಕಾರಗಳೆಲ್ಲ ಬ್ರಿಟನ್ನಿನ ಪೌಂಡ್ ಗುರುತಾಗಿ ಕೂತಿದ್ದವು. ನನ್ನ ನಿನ್ನ ಎಂದು ಬರೆದಲ್ಲೆಲ್ಲ ಪೌಂಡು. ಅಷ್ಟು ಪೌಂಡು ನಿಜವಾಗಿ ಬಂದಿದ್ದರೆ ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಪರಿವರ್ತಕಕ್ಕೆ ಹಾಕಿದರೆ ಅಕ್ಷರ ಬರುತ್ತವೆ, ಆದರೆ ಅರ್ಕಾವತ್ತು ಕೆಲವೆಡೆ ದಾರಿ ತಪ್ಪುತ್ತದೆ. ಸೂರ್ಯ ‘ಸೂಯರ್’ ಆಗುತ್ತಾನೆ, ಧರ್ಮ ‘ಧಮರ್’ ಆಗುತ್ತದೆ. ಒಂದೊಂದನ್ನೇ ಹಿಡಿದು ಅದರ ಸ್ಥಾನಕ್ಕೆ ಎಳೆದು ತರಬೇಕು. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. 1999ರ ಒಂದು ಪ್ರೆಷರ್ ಕುಕ್ಕರಿನ ಕೈಪಿಡಿ ಈಗ ಯಾರಿಗೆ ಬೇಕು? ಆದರೂ ದಿನಕ್ಕೆ ನಾಲ್ಕು ಪುಟ ತಿದ್ದುತ್ತೇನೆ. ಪಂಚೆಯಲ್ಲೇ.

ಈ ಆಷಾಢದಲ್ಲಿ ಅಮ್ಮ ಹಪ್ಪಳದ ಡಬ್ಬ ಸಾಲದೆಂದು ಅಟ್ಟದ ಮೇಲೆ ಕಣ್ಣು ಹಾಕಿದಳು. ‘ಕೆಲಸ ಇಲ್ಲ ಅಂತೀಯಲ್ಲ, ಆ ಡಾಲ್ಡಾ ಡಬ್ಬ ಇಳಿಸಿ ಖಾಲಿ ಮಾಡಿಕೊಡು.’ ಮೊಳೆ ಇದ್ದ ಡಬ್ಬದಲ್ಲಿ ಹಪ್ಪಳವೇ, ಹುಣಸೆಹಣ್ಣಿನ ಕಾನೂನು ಏನಾಯಿತು ಎಂದೆ. ‘ಇಳಿಸು ನೀನು, ಆಮೇಲೆ ನೋಡೋಣ’ ಅಂದಳು. ಎಂಬತ್ತು ದಾಟಿದ ಮೇಲೆ ಅವಳ ‘ಆಮೇಲೆ ನೋಡೋಣ’ ಅಪ್ಪನದರ ಹಾಗೆಯೇ ಕೇಳಿಸುತ್ತದೆ.

ಎರಡು ಕೈಯಲ್ಲಿ ಹಿಡಿದರೂ ಏಣಿ ಓಲಾಡುವಷ್ಟು ಭಾರ. ಅಕ್ಕಿಮೂಟೆ, ಮಿಕ್ಸಿಗಳನ್ನು ಪಕ್ಕಕ್ಕೆ ತಳ್ಳಿ, ಪೇಪರ್ ಹಾಸಿ ಸುರಿದೆ. ಮಳೆಗಾಲದ ಬೆಳಕಿಗೆ ಎಲ್ಲ ಒಂದೇ ಬೂದು ಬಣ್ಣ. ಅಮ್ಮ ಮೋಡದ ಮೇಲೆ ಕೂತ ಹಾಗೆ ಯೋಗದ ಚಾಪೆ ಬಿಚ್ಚಿ ಹಾಸಿಕೊಂಡು ಕೂತಳು; ಅದಕ್ಕೂ ಯಾರಾದರೂ ಬೋಣಿ ಮಾಡಬೇಕಿತ್ತು. ಒಂದು ಮೊಳೆಯನ್ನು ಬೆರಳಿನ ತುದಿಯಿಂದ ಸವರಿ, ಕಣ್ಣಿಗೆ ಹತ್ತಿರ ತಾರದೆಯೇ, ‘ಣ’ ಅಂದಳು. ಇಸಕೊಂಡು ನೋಡಿದೆ. ಣ. ಇನ್ನೊಂದು. ‘ಇದು ಮ ಒತ್ತು.’ ಹೌದು, ಮ ಒತ್ತೇ.

ಅಡುಗೆಮನೆಯಿಂದ ಬಟ್ಟಲು, ಲೋಟ, ಇಡ್ಲಿ ತಟ್ಟೆಗಳನ್ನು ತಂದು ಮನೆಗಳನ್ನು ಮಾಡಿದೆವು. ಇಡ್ಲಿ ತಟ್ಟೆ ಒತ್ತುಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಬೆಲ್ಲು ಬಾರಿಸಿ ಕೆಳಗಿನ ಮನೆಯಾಕೆ ಬಂದರು. ಅವರ ಮಗಳ ಮದುವೆ ಶ್ರಾವಣದಲ್ಲಿ. ಕೈಯಲ್ಲಿ ಲಗ್ನಪತ್ರಿಕೆಯ ಪ್ರೂಫು. ‘ಒಂಚೂರು ತಪ್ಪು ನೋಡಿಕೊಡ್ತೀರಾ, ಹೇಗೂ...’ ಎಂದು ಶುರುಮಾಡಿದವರು ನೆಲದ ಮೇಲಿನ ಸಂಸಾರವನ್ನು ನೋಡಿ ನಿಲ್ಲಿಸಿದರು. ‘ಓ, ಕೆಲಸದಲ್ಲಿದ್ದೀರಾ? ಆಮೇಲೆ ಬರ್ತೀನಿ ಬಿಡಿ’ ಎಂದು ಹೊರಟೇಬಿಟ್ಟರು. ಹದಿನೈದು ವರ್ಷದಲ್ಲಿ ಈ ಮಾತು ಆಕೆಯ ಬಾಯಿಂದ ಕೇಳಿದ್ದು ಅದೇ ಮೊದಲು. ಪ್ರೂಫನ್ನು ಮಾತ್ರ ಮಿಕ್ಸಿಯ ಮೇಲೆ ಇಟ್ಟು ಹೋದರು. ಬಗ್ಗಿ ನೋಡಿದೆ, ‘ಆಶೀರ್ವದಿಸಿ’ ಎಂಬುದು ‘ಆಶೀವರ್ದಿಸಿ’ ಆಗಿತ್ತು.

ಅಮ್ಮ ಶ್ರೀಗಳನ್ನು ಬೇರೆಯೇ ಒಂದು ಲೋಟದಲ್ಲಿ ಹಾಕುತ್ತಿದ್ದಳು. ಹನ್ನೊಂದು ಸಿಕ್ಕಿದ್ದವು. ಆಗ ಒಳಗೆ ಕಂಪ್ಯೂಟರು ಟಿಂಗ್ ಎಂದಿತು. ಆರು ದಿನದಿಂದ ಆ ಸದ್ದಿಗೆ ಕಾದಿದ್ದವನು ಎದ್ದು ಓಡಿದೆ. ಒಂದು ಏಜೆನ್ಸಿ. ‘ಪ್ರಿಯ ಭಾಷಾತಜ್ಞರೇ, ನಮ್ಮ ಪಟ್ಟಿಯನ್ನು ಪರಿಷ್ಕರಿಸುತ್ತಿದ್ದೇವೆ. ನೀವು ಈಗಲೂ ಲಭ್ಯವಿದ್ದೀರಾ ಎಂಬುದನ್ನು ದಯವಿಟ್ಟು ಖಚಿತಪಡಿಸಿ.’ ಅಷ್ಟೇ. ಕೆಳಗೆ ಹೌದು, ಇಲ್ಲ ಎಂಬ ಎರಡು ಗುಂಡಿಗಳು.

‘ಏನಂತೋ?’ ಹಜಾರದಿಂದ ಅಮ್ಮ.

‘ಏನಿಲ್ಲಮ್ಮ. ನಾನು ಇದ್ದೀನಾ ಅಂತ ಕೇಳ್ತಿದ್ದಾರೆ.’

ಲೋಟದೊಳಗೆ ಇನ್ನೊಂದು ಶ್ರೀ ಬಿದ್ದ ಸದ್ದಾಯಿತು.

‘ಇದ್ದಾನೆ, ಕೈ ತೊಳ್ಕೊಂಡು ಬರ್ತಾನೆ ಅಂತ ಹೇಳು.’